ಟರ್ಬೊದ ಲಗಾಮು ಹಿಡಿದ ಪುಟ್ಟ ವಾಲ್ವ್

ಗುಂಡ್ಯ ದಾಟಿದ ಮೇಲೆ ಶಿರಾಡಿ ಘಾಟಿಯ ಏರು. ಮುಂದೆ ಜಲ್ಲಿ ತುಂಬಿದ ಲಾರಿ. ಅದನ್ನು ಹಿಂದೆ ಹಾಕೋಣವೆಂದು ಮೂರನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದರೆ ಕಾರಿಗೆ ಉಸಿರೇ ಇಲ್ಲ. ಎಂಜಿನ್ ಕೂಗುತ್ತದೆ, ಗಾಡಿ ಏಳುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದೆ. ಬದಿಗೆ ನಿಲ್ಲಿಸಿ, ಕೀ ತಿರುಗಿಸಿ ಆಫ್ ಮಾಡಿ, ದೇವರ ಹೆಸರು ಹೇಳಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲ ಎನ್ನುವಂತೆ ಕಾರು ಸಕಲೇಶಪುರ ಮುಟ್ಟುತ್ತದೆ. ಮರುದಿನ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದ ಹುಡುಗ ಪರದೆ ನೋಡಿ ಹೇಳುತ್ತಾನೆ: ‘ಟರ್ಬೊ ಹೋಗಿದೆ ಸಾರ್.’

ಆ ಒಂದು ಮಾತಿನ ಬೆಲೆ ಹತ್ತಾರು ಸಾವಿರ ರೂಪಾಯಿ. ಡೀಸೆಲ್ ಕಾರು ಇಟ್ಟುಕೊಂಡವರಲ್ಲಿ ಈ ಮಾತು ಕೇಳದವರು ಕಡಿಮೆ. ಈಚೆಗೆ ಟರ್ಬೊ ಪೆಟ್ರೋಲ್ ಕಾರಿನವರೂ ಕೇಳತೊಡಗಿದ್ದಾರೆ. ಆದರೆ ಘಾಟಿಯಲ್ಲಿ ನಡೆದದ್ದರಲ್ಲೇ ಒಂದು ಸುಳಿವಿತ್ತು. ಕೀ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದ್ದಕ್ಕೆ ಸತ್ತ ಟರ್ಬೊ ಬದುಕುವುದಿಲ್ಲ. ರೆಕ್ಕೆ ಮುರಿದಿದ್ದರೆ, ಬೇರಿಂಗ್ ಸವೆದಿದ್ದರೆ, ಅದು ಮರುಸ್ಟಾರ್ಟ್‌ಗೆ ಮಣಿಯುವ ಕಾಯಿಲೆಯಲ್ಲ. ಬಿಟ್ಟು ಬಿಟ್ಟು ಬರುವ, ಕೀ ತಿರುಗಿಸಿದರೆ ಮಾಯವಾಗುವ ಈ ತೊಂದರೆಯ ಮೂಲ ಬಹಳ ಸಲ ಟರ್ಬೊದಲ್ಲಿರುವುದಿಲ್ಲ. ಅದನ್ನು ಹತೋಟಿಯಲ್ಲಿಡುವ, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ವಾಲ್ವಿನಲ್ಲೋ, ಅದಕ್ಕೆ ಸಿಕ್ಕಿಸಿದ ಪೆನ್ಸಿಲ್ ಗಾತ್ರದ ರಬ್ಬರ್ ಪೈಪಿನಲ್ಲೋ ಇರುತ್ತದೆ. ವಾಲ್ವಿನ ಬೆಲೆ ಕೆಲವು ಸಾವಿರ. ಪೈಪಿನದು ಹೋಟೆಲಿನ ಒಂದು ಊಟದಷ್ಟು.

ಟರ್ಬೊಗೆ ಲಗಾಮು ಯಾಕೆ ಬೇಕು ಎನ್ನುವುದನ್ನು ಮೊದಲು ನೋಡೋಣ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇಂಧನ ಎಷ್ಟು ಬೇಕಾದರೂ ಚಿಮ್ಮಿಸಬಹುದು, ಗಾಳಿಯನ್ನು ಒಳಗೆ ತರುವುದೇ ಕಷ್ಟ. ಇತ್ತ ಉರಿದ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನತ್ತ ಓಡುತ್ತಿರುತ್ತದೆ. ಆ ಹೊಗೆಯ ದಾರಿಯಲ್ಲಿ ಒಂದು ಚಕ್ರ, ಅದೇ ಕಡ್ಡಿಯ ಇನ್ನೊಂದು ತುದಿಯಲ್ಲಿ ತಾಜಾ ಗಾಳಿಯನ್ನು ಒತ್ತಿ ತುಂಬುವ ಇನ್ನೊಂದು ಚಕ್ರ. ಇಷ್ಟೇ ಟರ್ಬೊ. ಕಾರಿನ ಟರ್ಬೊ ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ತಿರುಗುತ್ತದೆ. ಡೀಸೆಲ್ ಎಂಜಿನ್ನಿನ ಹೊಗೆ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ, ಪೆಟ್ರೋಲಿನದು 950 ದಾಟಿಯೂ ಏರಬಲ್ಲದು. ಆ ಬಿಸಿಯಲ್ಲಿ, ಆ ವೇಗದಲ್ಲಿ, ಕಡ್ಡಿಯನ್ನು ಹೊತ್ತಿರುವುದು ಎಣ್ಣೆಯ ತೆಳು ಪದರ ಮಾತ್ರ.

ಈ ಯಂತ್ರಕ್ಕೆ ತಾನಾಗಿ ನಿಲ್ಲುವ ಬುದ್ಧಿ ಇಲ್ಲ. ಹೆಚ್ಚು ಹೊಗೆ ಬಂದರೆ ಹೆಚ್ಚು ಗಾಳಿ ನೂಕುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಇಂಧನ, ಅದರಿಂದ ಇನ್ನಷ್ಟು ಹೊಗೆ. ಬಿಟ್ಟರೆ ಎಂಜಿನ್ನನ್ನು ಒಡೆದೇ ಬಿಡುವವರೆಗೆ ಒತ್ತಡ ಏರುತ್ತಲೇ ಹೋಗುತ್ತದೆ. ಕೆರೆ ಕಟ್ಟಿದವರು ಏರಿಯ ಜೊತೆಗೇ ಕೋಡಿಯನ್ನೂ ಕಟ್ಟಿದಂತೆ, ಟರ್ಬೊ ಕಟ್ಟಿದವರು ಹೆಚ್ಚಾದ ಹೊಗೆ ಚಕ್ರವನ್ನು ಮುಟ್ಟದೆ ಪಕ್ಕದಿಂದ ಹರಿದುಹೋಗಲು ಒಂದು ಕಿಂಡಿ ಇಟ್ಟರು. ಅದೇ ವೇಸ್ಟ್‌ಗೇಟ್. ಆ ಕಿಂಡಿಯನ್ನು ಯಾವಾಗ, ಎಷ್ಟು ತೆರೆಯಬೇಕು ಎನ್ನುವುದೇ ಇಲ್ಲಿಯವರೆಗಿನ ಟರ್ಬೊ ಚರಿತ್ರೆಯ ಮುಖ್ಯ ಜಗಳ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಹೊಗೆಯ ಶಕ್ತಿಯನ್ನು ಹೀಗೆ ದುಡಿಸುವ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ವಿಮಾನ ಎಂಜಿನ್ನೊಂದನ್ನು ಲಾರಿಯ ಮೇಲೆ ಹೇರಿ ಕೊಲರಾಡೋದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ, 14,000 ಅಡಿ ಎತ್ತರಕ್ಕೆ ಒಯ್ದ. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಆ ತೆಳುಗಾಳಿಯಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ದೊಡ್ಡ ಬಾಂಬರ್‌ಗಳಿಗೆಲ್ಲ ಟರ್ಬೊ ಬಂತು. ಇದಕ್ಕೆ ನಮ್ಮ ಬೆಂಗಳೂರಿನ ನಂಟೂ ಇದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಬಿ-24 ಲಿಬರೇಟರ್ ವಿಮಾನಗಳನ್ನು ಹೇಗೋ ಹಾರಿಸಿಕೊಂಡು ಬಂದು, ಎಚ್‌ಎಎಲ್‌ನಲ್ಲಿ ರಿಪೇರಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟರು. ಆ ಮಾದರಿಯ ವಿಮಾನದ ನಾಲ್ಕೂ ಎಂಜಿನ್‌ಗಳಿಗೆ ಒಂದೊಂದು ಟರ್ಬೊ. 1968ರವರೆಗೂ ಅವು ಸೇವೆಯಲ್ಲಿದ್ದವು.

ಕಾರಿನ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸುವ ಪ್ರಸಂಗ 1962ರ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್‌ನದು. ಮಾರುಕಟ್ಟೆಗೆ ಬಂದ ಮೊದಲ ಟರ್ಬೊ ಕಾರುಗಳಲ್ಲಿ ಅದೊಂದು. ಒತ್ತಿದ ಗಾಳಿ ಬಿಸಿಯಾಗಿ, ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನ್ ನಾಕಿಂಗ್ ಹೊಡೆಯದಿರಲೆಂದು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದನ್ನು ಅದರಲ್ಲಿ ಚಿಮ್ಮಿಸುತ್ತಿದ್ದರು. ಅದಕ್ಕೆ ಬೇರೆಯದೇ ಡಬ್ಬಿ. ಡಬ್ಬಿ ಖಾಲಿಯಾದರೆ ಒಂದು ಕವಾಟ ತಾನಾಗಿ ಮುಚ್ಚಿಕೊಂಡು ಟರ್ಬೊದ ಒತ್ತಡವನ್ನು ತಗ್ಗಿಸುತ್ತಿತ್ತು. ಮಾಲೀಕರು ಪೆಟ್ರೋಲ್ ಹಾಕಿಸುವುದನ್ನು ಮರೆಯಲಿಲ್ಲ, ದ್ರವ ತುಂಬಿಸುವುದನ್ನು ಮರೆತರು. ಆಮೇಲೆ ‘ಪಿಕಪ್ ಇಲ್ಲ’ ಎಂದು ದೂರುತ್ತ ಬಂದರು. ಕೊನೆಗೆ ಕಂಪನಿಯೇ ಟರ್ಬೊ ಕಿತ್ತು ಸಾದಾ ಕಾರ್ಬ್ಯುರೇಟರ್ ಕೂರಿಸಿಕೊಡಲು ಮುಂದಾಯಿತು. ಟರ್ಬೊದಲ್ಲಿ ಲೋಪವಿರಲಿಲ್ಲ, ಎಂಜಿನ್ನನ್ನು ಕಾಯಲು ಇಟ್ಟ ಕವಾಟ ತನ್ನ ಕೆಲಸ ಮಾಡಿತ್ತು, ಅಷ್ಟೆ. ಇಂದು ನಮ್ಮ ಗ್ಯಾರೇಜುಗಳಲ್ಲಿ ಬೇರೆ ಹೆಸರಿನಲ್ಲಿ ಅದೇ ನಡೆಯುತ್ತಿದೆ.

ಸ್ವೀಡನ್ನಿನ ಸಾಬ್ ಕಂಪನಿ 1977–78ರಲ್ಲಿ ತಂದ 99 ಟರ್ಬೊ ಈ ಗೊಂದಲಕ್ಕೆ ಸರಳ ಉತ್ತರ ಕೊಟ್ಟಿತು. ಸಣ್ಣ ಟರ್ಬೊ, ಜೊತೆಗೆ ಒಂದು ವೇಸ್ಟ್‌ಗೇಟ್. ಕಡಿಮೆ ವೇಗದಲ್ಲೇ ಒತ್ತಡ ಬರಲಿ, ಹೆಚ್ಚಾದರೆ ಕಿಂಡಿ ತೆರೆಯಲಿ. ಕೆಲವೇ ವರ್ಷಗಳಲ್ಲಿ ಅದೇ ಕಂಪನಿ ಎಂಜಿನ್ನಿನ ನಾಕಿಂಗ್ ಆಲಿಸುವ ಸೆನ್ಸರ್ ಇಟ್ಟು, ವಿದ್ಯುತ್ ಸೊಲೆನಾಯ್ಡ್ ವಾಲ್ವ್ ಮೂಲಕ ವೇಸ್ಟ್‌ಗೇಟನ್ನು ಆಡಿಸತೊಡಗಿತು. ಈಗಿನ ಕಾರುಗಳ ಟರ್ಬೊ ನಿಯಂತ್ರಣದ ಹಿರಿಯಜ್ಜ ಅದು.

ಇನ್ನು ನಮ್ಮ ಬಾನೆಟ್ಟಿನೊಳಗೆ ಇಣುಕೋಣ. ಇಲ್ಲಿ ನಿಧಾನವಾಗಿ ಓದಬೇಕು. ಏಕೆಂದರೆ ಟರ್ಬೊ ವಾಲ್ವಿನ ರಿಪೇರಿಯಲ್ಲಿ ಆಗುವ ಅರ್ಧಕ್ಕರ್ಧ ಎಡವಟ್ಟು, ತನ್ನ ಕಾರಿನದು ಯಾವ ಬಗೆಯ ವ್ಯವಸ್ಥೆ ಎಂದು ತಿಳಿಯದೆ ಆಗುವಂಥದು.

ಮೊದಲ ಬಗೆ ಒತ್ತಡದಿಂದ ನಡೆಯುವಂಥದು. ಹಳೆಯ ತಲೆಮಾರಿನ ಟರ್ಬೊ ಪೆಟ್ರೋಲ್ ಕಾರುಗಳಲ್ಲೂ ಸಾದಾ ಟರ್ಬೊ ಇರುವ ಡೀಸೆಲ್‌ಗಳಲ್ಲೂ ಇದು ಸಾಮಾನ್ಯ. ಟರ್ಬೊದ ಪಕ್ಕದಲ್ಲಿ ಒಂದು ಗುಂಡನೆಯ ತಗಡಿನ ಡಬ್ಬಿ ಇರುತ್ತದೆ, ಅದರಿಂದ ಒಂದು ಕಡ್ಡಿ ಹೊರಟು ವೇಸ್ಟ್‌ಗೇಟಿನ ಕೈಗೆ ಸೇರುತ್ತದೆ. ಡಬ್ಬಿಗೆ ಆಕ್ಚುಯೇಟರ್ ಎಂದು ಹೆಸರು. ಒಳಗೆ ಒಂದು ರಬ್ಬರ್ ಪೊರೆ, ಒಂದು ಸ್ಪ್ರಿಂಗ್. ಸ್ಪ್ರಿಂಗು ಕಿಂಡಿಯನ್ನು ಮುಚ್ಚಿ ಹಿಡಿದಿರುತ್ತದೆ. ಟರ್ಬೊದಿಂದಲೇ ಬರುವ ಗಾಳಿಯ ಒತ್ತಡ ಸಣ್ಣ ಪೈಪಿನಲ್ಲಿ ಹರಿದು ಪೊರೆಯನ್ನು ನೂಕಿ ಕಿಂಡಿ ತೆರೆಯುತ್ತದೆ. ಸೊಲೆನಾಯ್ಡ್ ವಾಲ್ವ್ ನಡುವೆ ಕೂತು ಆ ಒತ್ತಡದಲ್ಲಿ ಒಂದಿಷ್ಟನ್ನು ಸೋರಿಬಿಡುತ್ತದೆ. ಸೋರಿದಷ್ಟೂ ಕಿಂಡಿ ತಡವಾಗಿ ತೆರೆಯುತ್ತದೆ, ಎಂಜಿನ್ನಿಗೆ ಅಷ್ಟೂ ಹೆಚ್ಚು ಗಾಳಿ.

ಈಗ ಈ ವಾಲ್ವಿಗೆ ಕರೆಂಟು ಹೋಗುವುದು ನಿಂತಿತು ಎನ್ನಿ. ಸೋರಿಕೆ ನಿಂತು ಪೂರ್ತಿ ಒತ್ತಡ ಆಕ್ಚುಯೇಟರಿಗೆ ಹೋಗುತ್ತದೆ, ಕಿಂಡಿ ಬೇಗ ತೆರೆಯುತ್ತದೆ, ಕಾರು ಮಂಕಾಗುತ್ತದೆ. ಎಂಜಿನ್ ಸುರಕ್ಷಿತ. ಆದರೆ ಆಕ್ಚುಯೇಟರಿಗೆ ಹೋಗುವ ಪೈಪೇ ಕಳಚಿದರೆ? ಕಿಂಡಿ ತೆರೆಯುವವರೇ ಇಲ್ಲ. ಒತ್ತಡ ಮಿತಿ ಮೀರುತ್ತದೆ. ಎಂಜಿನ್ನಿನ ಕಂಪ್ಯೂಟರಾದ ಇಸಿಯು ಗಾಬರಿಯಾಗಿ ಇಂಧನ ಕತ್ತರಿಸುತ್ತದೆ. ಓಡಿಸುವವರಿಗೆ ಮೊದಲು ಭರ್ಜರಿ ಪಿಕಪ್, ಮರುಕ್ಷಣ ಎದೆಗೆ ಗುದ್ದಿದಂತೆ ಝಟ್ಕಾ.

ಎರಡನೆಯ ಬಗೆ ಇದರ ತದ್ವಿರುದ್ಧ. ನಮ್ಮ ರಸ್ತೆಗಳಲ್ಲಿ ಓಡುವ ಡೀಸೆಲ್ ಕಾರುಗಳಲ್ಲಿ ‘ವಿಜಿಟಿ’ (ವೇರಿಯಬಲ್ ಜಿಯಾಮೆಟ್ರಿ ಟರ್ಬೊ) ಎಂಬ ಅಕ್ಷರ ಕಂಡಿರುತ್ತೀರಿ. ಇದರಲ್ಲಿ ವೇಸ್ಟ್‌ಗೇಟ್ ಇರುವುದಿಲ್ಲ. ಟರ್ಬೈನ್ ಚಕ್ರದ ಸುತ್ತ ತಿರುಗಿಸಬಲ್ಲ ಪುಟ್ಟ ರೆಕ್ಕೆಗಳ ಬಳೆ ಇರುತ್ತದೆ. ಎಂಜಿನ್ ನಿಧಾನವಾಗಿದ್ದಾಗ ರೆಕ್ಕೆಗಳು ಮುಚ್ಚಿಕೊಂಡು ಹೊಗೆಯ ದಾರಿ ಕಿರಿದಾಗುತ್ತದೆ, ಹೊಗೆ ರಭಸದಿಂದ ಚಕ್ರಕ್ಕೆ ಬಡಿಯುತ್ತದೆ. ವೇಗ ಏರಿದಾಗ ರೆಕ್ಕೆ ತೆರೆದುಕೊಳ್ಳುತ್ತದೆ. ಭಾರತದಲ್ಲಿ ಮನೆಮಾತಾಗಿದ್ದ ಫಿಯೆಟ್‌ನ 1.3 ಮಲ್ಟಿಜೆಟ್ ಎಂಜಿನ್ನೇ ಇದಕ್ಕೆ ಉದಾಹರಣೆ. 2007ರಲ್ಲಿ ಡೀಸೆಲ್ ಸ್ವಿಫ್ಟ್‌ಗೆ ಬಂದದ್ದು 75 ಅಶ್ವಶಕ್ತಿಯ ಸಾದಾ ಟರ್ಬೊದ ರೂಪ; ಎರ್ಟಿಗಾ, ಸಿಯಾಜ್‌ಗಳಲ್ಲಿದ್ದದ್ದು 90 ಅಶ್ವಶಕ್ತಿಯ ವಿಜಿಟಿ ರೂಪ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಆ ಎಂಜಿನ್ನನ್ನು ಕೈಬಿಟ್ಟಿತು. ಆದರೆ ಆಗ ಮಾರಿದ ಕಾರುಗಳು ಊರೂರಲ್ಲೂ ಇನ್ನೂ ದುಡಿಯುತ್ತಿವೆ. ವಾಲ್ವು, ಪೈಪುಗಳಿಗೆ ಈಗ ಸರಿಯಾಗಿ ವಯಸ್ಸಾಗಿದೆ.

ಇಂಥ ಅನೇಕ ವಿಜಿಟಿಗಳಲ್ಲಿ ಆಕ್ಚುಯೇಟರನ್ನು ಎಳೆಯುವುದು ಒತ್ತಡವಲ್ಲ, ನಿರ್ವಾತ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ವ್ಯಾಕ್ಯೂಮ್. ಬ್ರೇಕಿಗೆ ನೆರವಾಗುವ ಅದೇ ವ್ಯಾಕ್ಯೂಮ್ ಪಂಪಿನಿಂದ ಒಂದು ಕವಲು ಸೊಲೆನಾಯ್ಡ್ ವಾಲ್ವಿಗೆ ಬರುತ್ತದೆ. ವಾಲ್ವಿಗೆ ಮೂರು ಮೂತಿ: ಒಂದು ಪಂಪಿನ ಕಡೆಗೆ, ಒಂದು ಆಕ್ಚುಯೇಟರಿಗೆ, ಮೂರನೆಯದು ಸಣ್ಣ ಫಿಲ್ಟರ್ ಮೂಲಕ ಹೊರಗಾಳಿಗೆ. ಇಸಿಯು ಈ ವಾಲ್ವಿನ ಕರೆಂಟನ್ನು ಸೆಕೆಂಡಿಗೆ ಹತ್ತಾರು, ಕೆಲವು ಮಾದರಿಗಳಲ್ಲಿ ನೂರಾರು ಬಾರಿ ಹಾಕಿ ತೆಗೆದು ಮಾಡುತ್ತ, ಎಷ್ಟು ಪಾಲು ವ್ಯಾಕ್ಯೂಮ್ ಎಷ್ಟು ಪಾಲು ಹೊರಗಾಳಿ ಎಂದು ಬೆರೆಸಿ ಆಕ್ಚುಯೇಟರಿಗೆ ಕಳಿಸುತ್ತದೆ. ವ್ಯಾಕ್ಯೂಮ್ ಹೆಚ್ಚಿದರೆ ರೆಕ್ಕೆ ಮುಚ್ಚಿ ಒತ್ತಡ ಏರುತ್ತದೆ. ವ್ಯಾಕ್ಯೂಮ್ ಇಲ್ಲದಿದ್ದರೆ ರೆಕ್ಕೆ ಪೂರ್ತಿ ತೆರೆದು ಟರ್ಬೊ ಸುಮ್ಮನೆ ತಿರುಗುತ್ತಿರುತ್ತದೆ.

ಹಾಗಾಗಿ ಇಲ್ಲಿ ಪೈಪು ಸೀಳಿದರೆ ಆಗುವುದು ಒತ್ತಡದ ಕೊರತೆ. ಮೊದಲ ಬಗೆಯಲ್ಲಿ ಅದೇ ಪೈಪಿನ ಸೀಳು ಒತ್ತಡದ ಅತಿರೇಕ! ಯೂಟ್ಯೂಬಿನಲ್ಲಿ ಯಾರದೋ ಪೆಟ್ರೋಲ್ ಕಾರಿನ ರಿಪೇರಿ ನೋಡಿ ತನ್ನ ಡೀಸೆಲ್ ಕಾರಿನ ಕಾಯಿಲೆ ಹೇಳುವವರು ಎಡವುವುದು ಇಲ್ಲಿಯೇ. ವಿಜಿಟಿಯಲ್ಲಿ ಅತಿರೇಕ ಉಂಟಾಗುವುದು ಬೇರೆ ಕಾರಣಕ್ಕೆ: ಪೇಟೆಯ ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ ಮಸಿ ಕಟ್ಟಿ ರೆಕ್ಕೆಗಳು ಮುಚ್ಚಿದಲ್ಲೇ ಅಂಟಿಕೊಂಡಾಗ, ಅಥವಾ ಹೊರಗಾಳಿಯ ಆ ಸಣ್ಣ ಫಿಲ್ಟರಿಗೆ ಧೂಳು ತುಂಬಿ ವ್ಯಾಕ್ಯೂಮ್ ಬೇಗ ಬಿಡುಗಡೆಯಾಗದಿದ್ದಾಗ.

ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ವೈರಿಂಗ್ ನಕ್ಷೆಯಲ್ಲಿ ಈ ವಾಲ್ವಿಗೆ ಎನ್75 ಎಂಬ ಸಂಕೇತ. ಶಿರಾಡಿ ಘಾಟಿ ಹತ್ತುವ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆಯೂ 75. ಮಳೆಗಾಲದಲ್ಲಿ ಎರಡೂ ಎಪ್ಪತ್ತೈದುಗಳು ಒಟ್ಟಿಗೇ ಕೈಕೊಟ್ಟವರು ಯಾರಾದರೂ ಇದ್ದೇ ಇರುತ್ತಾರೆ.

ಮೂರನೆಯ ಬಗೆ ಹೊಸ ಟರ್ಬೊ ಪೆಟ್ರೋಲ್ ಕಾರುಗಳದು. ಅನೇಕ ಮಾದರಿಗಳಲ್ಲಿ ಪೈಪು, ಪೊರೆ ಯಾವುದೂ ಇಲ್ಲ; ಪುಟ್ಟ ವಿದ್ಯುತ್ ಮೋಟಾರೇ ವೇಸ್ಟ್‌ಗೇಟಿನ ಕಡ್ಡಿಯನ್ನು ನೂಕುತ್ತದೆ. ಇದು ಚುರುಕು, ನಿಖರ. ಕೆಟ್ಟರೆ ಮಾತ್ರ ಮನೆಯಲ್ಲಿ ಮಾಡುವುದೇನೂ ಇಲ್ಲ. ಹೊಸದು ಹಾಕಿದ ಮೇಲೆ ಕಿಂಡಿ ಮುಚ್ಚುವುದು ಎಲ್ಲಿ, ತೆರೆಯುವುದು ಎಲ್ಲಿ ಎಂಬುದನ್ನು ಸ್ಕ್ಯಾನರ್ ಮೂಲಕ ಇಸಿಯುವಿಗೆ ಕಲಿಸಿಕೊಡಬೇಕಾಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಇನ್ನೊಂದು ವಾಲ್ವೂ ಇದೆ: ಆಕ್ಸಿಲರೇಟರ್ ಬಿಟ್ಟ ಕೂಡಲೇ ಥ್ರಾಟಲ್ ಮುಚ್ಚಿ, ನುಗ್ಗಿ ಬರುತ್ತಿದ್ದ ಗಾಳಿ ಎಲ್ಲಿ ಹೋಗಬೇಕೆಂದು ತೋಚದೆ ಹಿಂದಕ್ಕೆ ಬಡಿಯುತ್ತದಲ್ಲ, ಅದನ್ನು ಮತ್ತೆ ಟರ್ಬೊದ ಬಾಯಿಗೇ ಸುತ್ತಿಸುವ ಡೈವರ್ಟರ್ ವಾಲ್ವ್. ಅದರ ರಬ್ಬರ್ ಪೊರೆ ಹರಿದರೆ ಒತ್ತಡವೆಲ್ಲ ಒಳಗೊಳಗೇ ಸೋರಿ ಪಿಕಪ್ ಹೋಗುತ್ತದೆ. ಆ ಗಾಳಿಯನ್ನು ಹೊರಗೆ ಬಿಟ್ಟು ‘ಪುಸ್ಸ್’ ಎನ್ನಿಸುವ ಹುಡುಗರ ಖಯಾಲಿ ಬೇರೆ. ಒಳಬಂದ ಗಾಳಿಯನ್ನು ಅಳೆದು ಇಂಧನ ಹಾಕುವ ಕಾರಿನಲ್ಲಿ ಅಳೆದ ಗಾಳಿ ಹೊರಗೆ ಹೋದರೆ ಲೆಕ್ಕ ತಪ್ಪುತ್ತದೆ. ಶಬ್ದಕ್ಕಾಗಿ ಮೈಲೇಜು ಕಳೆದುಕೊಳ್ಳುವ ವ್ಯಾಪಾರ.

ಸರಿ, ದೀಪ ಹತ್ತಿದೆ. ಸ್ಕ್ಯಾನರ್ ಒಂದು ಸಂಖ್ಯೆ ತೋರಿಸುತ್ತದೆ. ಪಿ0299 ಎಂದರೆ ಬಯಸಿದಷ್ಟು ಒತ್ತಡ ಬರುತ್ತಿಲ್ಲ. ಪಿ0234 ಎಂದರೆ ಒತ್ತಡ ಹೆಚ್ಚಾಗಿದೆ. ಪಿ0243, ಪಿ0245, ಪಿ0246 ಇವು ಸೊಲೆನಾಯ್ಡ್ ವಾಲ್ವಿನ ವಿದ್ಯುತ್ ಜಾಡಿಗೆ ಸಂಬಂಧಿಸಿದವು. ಕೊನೆಯ ಮೂರು ಬಂದರೆ ಕೆಲಸ ಹಗುರ: ವಾಲ್ವಿನ ಕಾಯಿಲ್, ಕಪ್ಲರ್, ವೈರು, ಇಷ್ಟರಲ್ಲೇ ತಪ್ಪು ಇದೆ. ಮೊದಲೆರಡು ಕೇವಲ ರೋಗಲಕ್ಷಣ. ಪಿ0299 ನೋಡಿ ಟರ್ಬೊ ಬದಲಿಸುವುದು, ಜ್ವರ ಇದೆಯೆಂದ ಕೂಡಲೇ ಆಪರೇಷನ್‌ಗೆ ಬರೆದುಕೊಡುವ ವೈದ್ಯರ ಕೆಲಸ. ಇಂಟರ್‌ಕೂಲರಿನ (ಒತ್ತಿದ ಗಾಳಿಯನ್ನು ತಣಿಸುವ ಭಾಗ) ದಪ್ಪ ಹೋಸ್ ಬಿರಿದಿದ್ದರೂ, ಹೊಗೆಯಲ್ಲಿ ಒಂದಿಷ್ಟನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ತೆರೆದಲ್ಲೇ ಸಿಕ್ಕಿಕೊಂಡಿದ್ದರೂ, ಸೈಲೆನ್ಸರಿನ ದಾರಿ ಕಟ್ಟಿದ್ದರೂ ಅದೇ ಸಂಖ್ಯೆ ಬರುತ್ತದೆ.

ಮೊದಲ ಪರೀಕ್ಷೆಗೆ ಬಾನೆಟ್ ಎತ್ತುವುದೂ ಬೇಡ. ಇಗ್ನಿಷನ್ ಆನ್, ಎಂಜಿನ್ ಆಫ್. ಸ್ಕ್ಯಾನರಿನಲ್ಲಿ ಒತ್ತಡದ ಸೆನ್ಸರ್ ಏನು ತೋರಿಸುತ್ತಿದೆ ನೋಡಿ. ಎಂಜಿನ್ ನಿಂತಿರುವಾಗ ಅದು ಆ ಊರಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 1010 ಮಿಲಿಬಾರ್. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ 910ರ ಸುತ್ತಮುತ್ತ ಇರಬೇಕು. ಬೆಂಗಳೂರಿನಲ್ಲಿ ನಿಂತ ಕಾರು 1010 ತೋರಿಸಿದರೆ ಸುಳ್ಳು ಹೇಳುತ್ತಿರುವುದು ಸೆನ್ಸರ್; ಟರ್ಬೊವನ್ನು ದೂಷಿಸುವಂತಿಲ್ಲ.

ಈ ಎತ್ತರದ ವಿಷಯ ಇನ್ನೊಂದು ಕಡೆಯೂ ಮೋಸ ಮಾಡುತ್ತದೆ. ಸರ್ವಿಸ್ ಕೈಪಿಡಿಯಲ್ಲಿ ವ್ಯಾಕ್ಯೂಮ್ ಪಂಪು ಇಷ್ಟು ಎಳೆಯಬೇಕು ಎಂದು ಕೊಟ್ಟಿರುವ ಅಂಕಿ ಸಾಮಾನ್ಯವಾಗಿ ಸಮುದ್ರಮಟ್ಟದ ಲೆಕ್ಕ. ಮಂಗಳೂರಿನಲ್ಲಿ ಮೀಟರಿನ ಮುಳ್ಳು ಪಾದರಸದ 27 ಇಂಚು ಮುಟ್ಟಿಸುವ ಆರೋಗ್ಯವಂತ ಪಂಪು ಬೆಂಗಳೂರಿನಲ್ಲಿ 24ರ ಬಳಿಯೇ ನಿಲ್ಲುತ್ತದೆ. ಪಂಪಿನ ದೋಷವಲ್ಲ, ಎಳೆಯಲು ಇರುವ ಗಾಳಿಯೇ ಅಷ್ಟು. ಇದನ್ನು ತಿಳಿಯದೆ ಒಳ್ಳೆಯ ಪಂಪನ್ನು ಕಿತ್ತೆಸೆಯುವುದುಂಟು.

ಮುಂದಿನದು ಕೈ ವ್ಯಾಕ್ಯೂಮ್ ಪಂಪಿನ ಪರೀಕ್ಷೆ. ವಿಜಿಟಿ ರಿಪೇರಿ ಮಾಡುವೆನೆನ್ನುವ ಗ್ಯಾರೇಜಿನಲ್ಲಿ ಈ ಪಿಸ್ತೂಲಿನಾಕಾರದ ಸಲಕರಣೆ ಇಲ್ಲದಿದ್ದರೆ ಅಲ್ಲಿಂದ ಹೊರಡುವುದು ಲೇಸು. ಆಕ್ಚುಯೇಟರಿನ ಪೈಪು ಕಳಚಿ, ಈ ಪಂಪನ್ನು ನೇರವಾಗಿ ಅದಕ್ಕೆ ಸಿಕ್ಕಿಸಿ ಎಳೆಯಬೇಕು. ಕಡ್ಡಿ ತಡವರಿಸದೆ ನಯವಾಗಿ ಪೂರ್ತಿ ಚಲಿಸಬೇಕು. ಎಳೆದು ಬಿಟ್ಟರೆ ಮುಳ್ಳು ಅಲ್ಲೇ ನಿಲ್ಲಬೇಕು. ಮುಳ್ಳು ಇಳಿದರೆ ಪೊರೆ ತೂತು. ಕಡ್ಡಿ ಅರ್ಧಕ್ಕೆ ಸಿಕ್ಕಿಕೊಂಡರೆ ಒಳಗೆ ಮಸಿ ಕಟ್ಟಿದೆ ಅಥವಾ ಹೊರಗಿನ ಕೀಲು ತುಕ್ಕು ಹಿಡಿದಿದೆ. ಎರಡೂ ಸರಿಯಿದ್ದರೆ ಟರ್ಬೊದ ಕಡೆಯ ಯಂತ್ರ ಆರೋಗ್ಯವಾಗಿದೆ, ಕಾಯಿಲೆ ಇರುವುದು ಅದಕ್ಕಿಂತ ಮುಂಚಿನ ಪೈಪು, ವಾಲ್ವು, ಪಂಪು, ವೈರುಗಳಲ್ಲಿ. ಐದು ನಿಮಿಷದ ಈ ಕೆಲಸ ಸಮಸ್ಯೆಯನ್ನು ಸರಿಯಾಗಿ ಎರಡು ಹೋಳು ಮಾಡುತ್ತದೆ. ಇದನ್ನು ಮಾಡದೆ ಹೇಳಿದ ‘ಟರ್ಬೊ ಹೋಗಿದೆ’ಗೆ ಯಾವ ಬೆಲೆಯೂ ಇಲ್ಲವೆಂದೇ ನನ್ನ ಅಭಿಪ್ರಾಯ.

ಆಮೇಲೆ ಪೈಪುಗಳು. ಟಾರ್ಚ್ ಹಿಡಿದು ಒಂದೊಂದನ್ನೂ ತುದಿಯಿಂದ ತುದಿಯವರೆಗೆ ನೋಡಬೇಕು. ಎಂಜಿನ್ನಿನ ಬಿಸಿಗೆ ರಬ್ಬರ್ ಒಣಗಿ, ಮೂತಿಗೆ ಸಿಕ್ಕಿಸಿದ ಜಾಗದಲ್ಲೇ ಸೀಳುತ್ತದೆ. ಬಟ್ಟೆ ಹೊದೆಸಿದ ಪೈಪುಗಳ ಸೀಳು ಹೊರಗೆ ಕಾಣುವುದೇ ಇಲ್ಲ. ಇನ್ನು ಇಲಿ. ಮಳೆ ಹಿಡಿದರೆ ಬೆಚ್ಚನೆಯ ಎಂಜಿನ್ನಿನ ಮೇಲೆ ಸಂಸಾರ ಹೂಡುವ ಇಲಿಗಳಿಗೆ ವ್ಯಾಕ್ಯೂಮ್ ಪೈಪು, ವೈರುಗಳೇ ಮೇವು. ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುವವರಿದ್ದಾರೆ. ಕೆಲವರಿಗೆ ಫಲ ಕೊಟ್ಟಿದೆ. ಕೆಲವು ಇಲಿಗಳು ಅದರ ಮೇಲೆಯೇ ಮಲಗಿದ್ದೂ ಉಂಟು.

ಪೈಪೆಲ್ಲ ಸರಿಯಿದ್ದು, ಪಂಪಿನಿಂದ ವ್ಯಾಕ್ಯೂಮ್ ಬರುತ್ತಿದ್ದು, ವಾಲ್ವ್ ದಾಟಿದ ಮೇಲೆ ಇಲ್ಲವಾದರೆ ಆಗ ವಾಲ್ವನ್ನು ಹಿಡಿಯಬಹುದು. ಮೀಟರಿನಿಂದ ಕಾಯಿಲಿನ ರೋಧ ಅಳೆಯಬೇಕು. ಸರಿಯಾದ ಅಂಕಿ ಕೈಪಿಡಿಯಲ್ಲಿರುತ್ತದೆ, ಅನೇಕ ಡೀಸೆಲ್ ವಾಲ್ವ್‌ಗಳಲ್ಲಿ ಅದು 15–20 ಓಮ್ ಆಸುಪಾಸು. ತಣ್ಣಗಿರುವಾಗ ಸರಿ ತೋರಿಸಿ, ಬಿಸಿಯಾದಾಗ ಕಾಯಿಲ್ ಕಡಿದುಕೊಳ್ಳುವ ವಾಲ್ವುಗಳೂ ಇವೆ. ಘಾಟಿಯ ನಡುವೆ ಕೈಕೊಟ್ಟು ಗ್ಯಾರೇಜಿನಲ್ಲಿ ಸಭ್ಯವಾಗಿ ವರ್ತಿಸುವವು ಇವೇ. ಹಾಗಾಗಿ ಗಾಡಿ ಓಡಿಸಿ ಬಂದ ಬಿಸಿಯಲ್ಲೂ ಒಮ್ಮೆ ಅಳೆಯಬೇಕು. ಕಪ್ಲರ್ ಬಿಚ್ಚಿ ಅದರ ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ ನೋಡುವುದು ಕರಾವಳಿಯ ಕಾರುಗಳಿಗಂತೂ ಕಡ್ಡಾಯ.

ಬದಲಿಸುವ ಕೆಲಸ ದೊಡ್ಡದಲ್ಲ. ವಾಲ್ವ್ ಕೈಗೆಟುಕುವ ಕಾರಾದರೆ ಅರ್ಧ ಗಂಟೆ ಸಾಕು. ಎಂಜಿನ್ ಪೂರ್ತಿ ಆರಲಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪೈಪು ಮುಟ್ಟುವ ಮೊದಲು ಮೊಬೈಲಿನಲ್ಲಿ ಫೋಟೊ ಹಿಡಿಯಿರಿ. ಪ್ರತಿ ಪೈಪಿಗೂ ಟೇಪು ಸುತ್ತಿ ಗುರುತು ಹಾಕಿ. ಪೈಪನ್ನು ಜಗ್ಗಬಾರದು. ಒಣಗಿದ ಪೈಪನ್ನು ಜಗ್ಗಿದರೆ ಪ್ಲಾಸ್ಟಿಕ್ ಮೂತಿಯೇ ಮುರಿದು ಬರುತ್ತದೆ. ಮೊದಲು ತಿರುಗಿಸಿ ಸಡಿಲಿಸಿ, ಆಮೇಲೆ ಎಳೆಯಿರಿ. ಜರ್ಮನಿಯ ಪಿಯರ್‌ಬರ್ಗ್‌ನಂಥ ಕಂಪನಿಗಳ ವಾಲ್ವ್‌ಗಳಲ್ಲಿ ಮೂತಿಗಳ ಪಕ್ಕ ವ್ಯಾಕ್ಯೂಮ್‌ಗೆ, ಆಕ್ಚುಯೇಟರಿಗೆ, ಹೊರಗಾಳಿಗೆ ಎಂದು ಚಿಕ್ಕ ಇಂಗ್ಲಿಷ್ ಅಕ್ಷರಗಳ ಗುರುತಿರುತ್ತದೆ. ಪಂಪಿನ ಪೈಪು ಮತ್ತು ಆಕ್ಚುಯೇಟರಿನ ಪೈಪು ಅದಲುಬದಲಾದರೆ ಹೊಸ ವಾಲ್ವೂ ಹಳೆಯದರಂತೆಯೇ ವರ್ತಿಸುತ್ತದೆ, ಆಗ ಮತ್ತೆ ಟರ್ಬೊದ ಮೇಲೆಯೇ ಅನುಮಾನ. ಹೊರಗಾಳಿಯ ಫಿಲ್ಟರ್ ಬೇರೆಯಾಗಿ ಬರುವ ಕಾರುಗಳಲ್ಲಿ ಅದನ್ನೂ ಹೊಸದು ಹಾಕಿ. ವಾಲ್ವಿನ ಜೊತೆ ಪೈಪುಗಳನ್ನೂ ಬದಲಿಸುವುದು ಜಾಣತನ, ಆದರೆ ಬಣ್ಣಬಣ್ಣದ ಮೆತ್ತನೆಯ ಅಗ್ಗದ ಸಿಲಿಕೋನ್ ಪೈಪು ಬೇಡ. ಒತ್ತಡಕ್ಕೆ ತಡೆದೀತು, ವ್ಯಾಕ್ಯೂಮ್ ಎಳೆದಾಗ ಅದು ಚಪ್ಪಟೆಯಾಗಿ ತಾನೇ ಮುಚ್ಚಿಕೊಳ್ಳುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಇಂಥ ವಾಲ್ವ್ ಕೇಳಿದರೆ ಎರಡು ಮೂರು ದರ ಹೇಳುತ್ತಾರೆ. ಹಳೆಯ ವಾಲ್ವನ್ನೇ ಜೊತೆಗೆ ಒಯ್ಯಿರಿ. ಭಾಗದ ಸಂಖ್ಯೆಯ ಕೊನೆಯ ಅಕ್ಷರದವರೆಗೂ ತಾಳೆ ನೋಡಿ. ಆ ಒಂದು ಅಕ್ಷರ ಬೇರೆಯಾದರೆ ಒಳಗಿನ ವಾಲ್ವಿನ ಲಕ್ಷಣವೇ ಬೇರೆಯಿರಬಹುದು. ನೋಡಲು ಒಂದೇ ತೆರನಾದ ನಕಲಿ ವಾಲ್ವ್ ಟಕಟಕ ಸದ್ದನ್ನೂ ಮಾಡುತ್ತದೆ, ರೋಧವನ್ನೂ ಸರಿಯಾಗಿ ತೋರಿಸುತ್ತದೆ. ಆದರೆ ಇಸಿಯು ಕೇಳಿದಷ್ಟೇ ವ್ಯಾಕ್ಯೂಮ್ ಕೊಡುವ ನಿಖರತೆ ಅದಕ್ಕಿರುವುದಿಲ್ಲ. ಉಳಿಸಲು ಬೇರೆ ಎಷ್ಟೋ ಜಾಗಗಳಿವೆ, ಇಲ್ಲಿ ಬೇಡ.

ಹಾಕಿದ ಮೇಲೆ ದೋಷದ ಸಂಖ್ಯೆ ಅಳಿಸಿ ‘ಆಯ್ತು ಸಾರ್’ ಎನ್ನುವುದು ಕೆಲಸ ಮುಗಿಸುವ ರೀತಿಯಲ್ಲ. ಖಾಲಿ ರಸ್ತೆಯ ಏರಿನಲ್ಲಿ, ಪಕ್ಕದ ಸೀಟಿನಲ್ಲಿ ಇನ್ನೊಬ್ಬರು ಸ್ಕ್ಯಾನರ್ ಹಿಡಿದಿರಲು, ಮೂರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ 3,500ರವರೆಗೆ ಒಂದೇ ಸಮ ಎಳೆಸಬೇಕು. ಇಸಿಯು ಕೇಳಿದ ಒತ್ತಡ, ನಿಜಕ್ಕೂ ಬಂದ ಒತ್ತಡ ಎರಡೂ ಗೆರೆಗಳು ಪರದೆಯಲ್ಲಿ ಜೊತೆಜೊತೆಗೆ ಏರಬೇಕು. ಆರಂಭದಲ್ಲಿ ತುಸು ಹಿಂದುಮುಂದಾದರೆ ಪರವಾಗಿಲ್ಲ. ಬಂದ ಗೆರೆ ಕೆಳಗೇ ಉಳಿದರೆ ಇನ್ನೆಲ್ಲೋ ಸೋರಿಕೆ ಇದೆ. ಮೇಲಕ್ಕೆ ಹಾರಿದರೆ ರೆಕ್ಕೆಗಳು ಅಂಟುತ್ತಿವೆ.

ಒಂದು ಕೆಲಸ ಮಾತ್ರ ಯಾರು ಹೇಳಿದರೂ ಮಾಡಿಸಬೇಡಿ. ಆಕ್ಚುಯೇಟರಿನ ಕಡ್ಡಿಯ ತುದಿಯಲ್ಲಿ ಒಂದು ನಟ್ ಇರುತ್ತದೆ. ಅದನ್ನು ನಾಲ್ಕು ಸುತ್ತು ಬಿಗಿದರೆ ಪಿಕಪ್ ಬರುತ್ತದೆ ಎನ್ನುವ ಉಸ್ತಾದರು ಪ್ರತಿ ಊರಿನಲ್ಲೂ ಇದ್ದಾರೆ. ಪಿಕಪ್ ಬರುತ್ತದೆ, ನಿಜ. ಆದರೆ ಆ ನಟ್ಟನ್ನು ಟರ್ಬೊ ತಯಾರಿಸಿದವರು ಗಾಳಿಯ ಹರಿವನ್ನು ಅಳೆಯುವ ಯಂತ್ರದ ಮೇಲಿಟ್ಟು ಕೂರಿಸಿರುತ್ತಾರೆ. ಅದನ್ನು ಬಿಗಿಯುವುದೆಂದರೆ ಕೆಟ್ಟ ವಾಲ್ವಿನ ತಪ್ಪನ್ನು ಮುಚ್ಚಲು ಒಳ್ಳೆಯ ಟರ್ಬೊವನ್ನು ಕೆಡಿಸುವುದು.

ಹಾಗಾದರೆ ಟರ್ಬೊ ನಿಜವಾಗಿ ಕೆಡುವುದೇ ಇಲ್ಲವೇ? ಕೆಡುತ್ತದೆ, ಮತ್ತು ಕೆಟ್ಟಾಗ ಅದು ಗುಟ್ಟಾಗಿರುವುದಿಲ್ಲ. ಸೈರನ್ನಿನಂಥ ಕೂಗು, ನೀಲಿ ಹೊಗೆ, ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆ, ಗಾಳಿಯ ಪೈಪು ಬಿಚ್ಚಿ ಚಕ್ರ ಹಿಡಿದು ಆಡಿಸಿದರೆ ಗೋಡೆಗೆ ತಾಗುವಷ್ಟು ಸಡಿಲ. ಇಂಥ ಡೀಸೆಲ್ ಕಾರನ್ನು ಓಡಿಸಲೇಬಾರದು. ಸೋರಿದ ಎಣ್ಣೆಯನ್ನೇ ಇಂಧನವಾಗಿ ಕುಡಿದು ಎಂಜಿನ್ ಕೀ ತೆಗೆದರೂ ನಿಲ್ಲದೆ ಓಡುವ ಅಪಾಯವಿದೆ. ಇಲ್ಲಿ ವಾಲ್ವ್ ಬದಲಿಸಿ ಪ್ರಯೋಜನವಿಲ್ಲ. ಹೊಸ ಟರ್ಬೊ ಹಾಕುವ ಮುನ್ನ ಹಳೆಯದಕ್ಕೆ ಎಣ್ಣೆ ಯಾಕೆ ಸಾಲಲಿಲ್ಲ ಎಂದು ಹುಡುಕದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಟರ್ಬೊ ಬದಲಿಸಬೇಕೆಂಬ ಎಸ್ಟಿಮೇಟ್ ನಿಮ್ಮ ಕೈಗೆ ಬಂದರೆ ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿ. ಕೇಳಿದ ಒತ್ತಡವೆಷ್ಟು, ಬಂದದ್ದೆಷ್ಟು? ಕೈ ಪಂಪಿನಿಂದ ಎಳೆದಾಗ ಕಡ್ಡಿ ಹೇಗೆ ಚಲಿಸಿತು? ಚಕ್ರ ಎಷ್ಟು ಸಡಿಲವಿದೆ, ನನ್ನೆದುರು ತೋರಿಸುತ್ತೀರಾ? ಉತ್ತರ ಬಂದರೆ ಅವರು ಹೇಳಿದ್ದನ್ನು ನಂಬಿ ದುಡ್ಡು ಕೊಡಿ. ಬರದಿದ್ದರೆ, ಸೈರನ್ ಕೂಗು, ನೀಲಿ ಹೊಗೆ ಇಲ್ಲದ ಪಕ್ಷದಲ್ಲಿ ಕಾರನ್ನು ಅಲ್ಲಿಂದ ಹೊರಡಿಸಿ, ಉತ್ತರ ಕೊಡಬಲ್ಲ ಗ್ಯಾರೇಜಿಗೆ ಒಯ್ಯಿರಿ. ಏರು ರಸ್ತೆ ತಪ್ಪಿಸಿ, ಆಕ್ಸಿಲರೇಟರ್ ಜೋರಾಗಿ ಒತ್ತದೆ ನಿಧಾನವಾಗಿ ಓಡಿಸಿದರೆ ವಾಲ್ವ್ ಕೆಟ್ಟ ಕಾರು ಅಷ್ಟು ದೂರ ಹೋಗುತ್ತದೆ.